‘ಶೂನ್ಯತೆ ಅಂದ್ರೆ ಕ್ವಾಂಟಂ ನಿರ್ವಾತ’ ಅಂತ ಸ್ಲೈಡ್ ಹಾಕಬಹುದಾ?

ಡೊಂಬಿವಲಿ ಓದುಗ:
ಭಾನುವಾರ ಇಲ್ಲಿನ ಕನ್ನಡ ಸಂಘದಲ್ಲಿ ಬೌದ್ಧ ಚಿಂತನೆ, ವಿಜ್ಞಾನದ ಬಗ್ಗೆ 20 ನಿಮಿಷದ ಮಾತಿದೆ. ಎರಡು ಸ್ಲೈಡ್ ಅನುಮಾನ: ಮೇಲಿನದು, ಮತ್ತೆ ಧ್ಯಾನದಿಂದ ಮಿದುಳೇ ಬದಲಾಗುತ್ತೆ ಅನ್ನೋ ಗ್ರಾಫ್. ತಿಳಿದವರು ಹೇಳಿ.

ಪುಣೆ ಪಾಲಿ:
ಮೊದಲನೆಯದನ್ನು ತೆಗೆದುಬಿಡಿ. ಕ್ವಾಂಟಂ ನಿರ್ವಾತ ಎಂದರೆ ವಿದ್ಯುತ್ಕಾಂತದಂಥ ಕ್ಷೇತ್ರವೊಂದರ ಅತಿ ಕಡಿಮೆ ಶಕ್ತಿಯ ಸ್ಥಿತಿ. ಅದರ ಪರಿಣಾಮವನ್ನು ಅಳೆಯಬಹುದು: ಭೌತವಿಜ್ಞಾನಿ ಕ್ಯಾಸಿಮಿರ್ ಲೆಕ್ಕದಂತೆ ನಿರ್ವಾತದಲ್ಲಿ ಎದುರುಬದುರಿಟ್ಟ ಎರಡು ಲೋಹದ ತಟ್ಟೆಗಳ ಅಂತರ ಅರ್ಧವಾದರೆ ಸೆಳೆತ 16 ಪಟ್ಟಾಗುತ್ತದೆ. ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯತೆಗೆ ಇಂಥ ಅಳತೆ ಇಲ್ಲ. ಅವನ ‘ಮೂಲಮಧ್ಯಮಕಕಾರಿಕೆ’ಯ 24ನೇ ಪ್ರಕರಣ, 18ನೇ ಕಾರಿಕೆ ತೆಗೆದು ನೋಡಿ. ಪ್ರತೀತ್ಯಸಮುತ್ಪಾದವನ್ನೇ, ಅಂದರೆ ಒಂದನ್ನು ಆಶ್ರಯಿಸಿ ಇನ್ನೊಂದು ಹುಟ್ಟುವುದನ್ನೇ, ಶೂನ್ಯತೆ ಎನ್ನುತ್ತಾನೆ. ಬೇರೆಯದನ್ನು ಆಶ್ರಯಿಸಿ ಹುಟ್ಟಿದ್ದಕ್ಕೆ ಸ್ವಂತ ಸ್ವಭಾವವಿಲ್ಲ, ಅಷ್ಟೆ. ಆ ಲೆಕ್ಕದಲ್ಲಿ ನಿಮ್ಮ ನಿರ್ವಾತವೂ ಶೂನ್ಯ, ವಡಾಪಾವೂ ಶೂನ್ಯ.

ಹೋಲಿಕೆ ಬೇಕೇ ಬೇಕೆಂದರೆ ಭೌತವಿಜ್ಞಾನಿ ಕಾರ್ಲೋ ರೊವೆಲ್ಲಿ 1996ರಲ್ಲಿ ಮಂಡಿಸಿದ ಕ್ವಾಂಟಂ ಸಿದ್ಧಾಂತದ ವ್ಯಾಖ್ಯಾನ ವಾಸಿ. ಅಲ್ಲಿ ಕಣದ ಗುಣಗಳಿಗೆ ಇನ್ನೊಂದು ವ್ಯವಸ್ಥೆಯ ಸಂಬಂಧದಲ್ಲಷ್ಟೇ ಅರ್ಥ. ಆದರೆ ಅದು ಹಲವು ವ್ಯಾಖ್ಯಾನಗಳಲ್ಲಿ ಒಂದು, ಪ್ರಯೋಗದಿಂದ ಸಾಬೀತಾಗಿದೆ ಅನ್ನಬೇಡಿ. ಯಾರಾದರೂ ಅಲ್ಲಮನ ಬಯಲನ್ನು ಎಳೆದು ತಂದೇ ತರುತ್ತಾರೆ. ಅದಕ್ಕೆ ಇನ್ನೊಂದು ಭಾನುವಾರ ಬೇಕು.

ಇಇಜಿ:
ಗ್ರಾಫ್ 2004ರ ಲುಟ್ಜ್, ಡೇವಿಡ್ಸನ್ ತಂಡದ್ದಾ? 8 ಬೌದ್ಧ ಸಾಧಕರು, 10 ಹೊಸಬರು. ಸಾಧಕರಲ್ಲಿ ಗಾಮಾ ಅಲೆ (ಮಿದುಳಿನ ವೇಗದ ವಿದ್ಯುತ್ ಅಲೆ) ಹೆಚ್ಚಿತ್ತು, ನಿಜ. ಆದರೆ ಹಣೆ, ನೆತ್ತಿಯ ಸ್ನಾಯು ಬಿಗಿದರೂ ಅದೇ ಆವರ್ತನದಲ್ಲಿ ಗದ್ದಲ ಬರುತ್ತೆ, ಅದನ್ನು ಸೋಸೋದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು: ಧ್ಯಾನದಿಂದ ಹಾಗಾಯಿತೋ, ಅಂಥ ಮಿದುಳಿನವರೇ ಧ್ಯಾನಕ್ಕೆ ಅಂಟಿಕೊಂಡರೋ ಇದರಿಂದ ಗೊತ್ತಾಗಲ್ಲ. ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಮೊದಲೂ ಆಮೇಲೂ ಅಳೀಬೇಕು. 8 ವಾರದ ಎಂಬಿಎಸ್‌ಆರ್ (ಒತ್ತಡ ತಗ್ಗಿಸೋ ಧ್ಯಾನ) ತರಬೇತಿಯನ್ನು ಹಾಗೆ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದಾಗ ಮಿದುಳಿನ ರಚನೆಯಲ್ಲಿ ಬದಲಾವಣೆ ಕಾಣಲಿಲ್ಲ. ವಾಟ್ಸಾಪಲ್ಲಿ ಇನ್ನೂ ಓಡಾಡ್ತಿರೋದು ಬದಲಾವಣೆ ಕಂಡಿತೆಂದ 2011ರ ಸಣ್ಣ ಅಧ್ಯಯನ, ತರಬೇತಿ ಪಡೆದವರು 16 ಜನ.

ಮಡಗಾಂವ್ ಮಾವ:
ಈ ಕಡೆ ಮಾತಾಡುವಾಗ ಕೋಸಂಬಿಗಳನ್ನು ಬಿಡೋದುಂಟಾ? ತಂದೆ ಧರ್ಮಾನಂದರು ಗೋವೆಯವರು, ಪುಣೆಯ ಫರ್ಗ್ಯುಸನ್ ಕಾಲೇಜಲ್ಲಿ ಪಾಲಿ ಕಲಿಸಿದವರು. ಮಗ ದಾಮೋದರರು ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿದ್ದ ಗಣಿತಜ್ಞ, ತಕ್ಷಶಿಲೆಯ ಹಳೇ ಬೆಳ್ಳಿ ನಾಣ್ಯಗಳ ತೂಕವನ್ನು ಲೆಕ್ಕಕ್ಕೆ ಹಚ್ಚಿದವರು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ. ಸರಾಸರಿ ತೂಕ ಇಳಿಯುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಏರುತ್ತದೆ. ಅದರ ಮೇಲೆ ಯಾವ ಗುಂಪು ಹೆಚ್ಚು ಕಾಲ ಓಡಾಡಿದ್ದು ಎಂದು ಹೇಳಬಹುದು. ಬಿಡಿ ನಾಣ್ಯ ತೂಗಿ ಪ್ರಯೋಜನವಿಲ್ಲ, ಟಂಕಿಸುವಾಗಲೇ ಹೆಚ್ಚುಕಮ್ಮಿ ಇರುತ್ತಿತ್ತು. ರಾಶಿಯೇ ಬೇಕು. ಯಾವುದೂ ಶಾಶ್ವತವಲ್ಲ ಅನ್ನೋ ಬೌದ್ಧರ ಅನಿತ್ಯಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಯಾಕೆ?

ಡೊಂಬಿವಲಿ ಓದುಗ:
ಎರಡೂ ಸ್ಲೈಡ್ ತೆಗೆದೆ, ನಾಣ್ಯ ಹಾಕಿದೆ. ಪಾಲಿಯವರೇ, ವಡಾಪಾವ್ ನಾನು ಕದಿಯಬಹುದಾ?