ಬೆಳಿಗ್ಗೆ ಸೆಲ್ಫ್ ಎತ್ತದ 98ರ ಮಾರುತಿ 800: ನಿಮ್ಮ ಗಾಡಿಗೆ ಏನಾಗಿತ್ತು, ಸ್ವಲ್ಪ ಹೇಳಿ

ಬಟವಾಡಿಯವನು, ತುಮಕೂರು
ಅಪ್ಪನ ಕಾಲದ ಗಾಡಿ, 1998ರ ಮಾರುತಿ 800, ಕಾರ್ಬೊರೇಟರ್ ಮಾಡೆಲ್, ಕೆಎ-06. ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಅಂತ ಒಂದೇ ಸದ್ದು. ಸೆಲ್ಫ್ (ಇಂಜಿನ್ ಎತ್ತುವ ಮೋಟರು) ತಿರುಗುವುದಿಲ್ಲ. ನಾಲ್ಕು ಸಲ ಹೊಡೆದರೆ ಐದನೇ ಸಲಕ್ಕೆ ಎತ್ತುತ್ತದೆ. ಓಡುವಾಗ ಏನೂ ತೊಂದರೆ ಇಲ್ಲ. ರಾತ್ರಿ ಸಿಗ್ನಲ್‌ನಲ್ಲಿ ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಸ್ಲೋ (ರೇಸ್ ಕೊಡದಾಗಿನ ಇಂಜಿನ್ ಓಟ) ಇಳಿದು ಇಳಿದು ಆಫ್ ಆಗುತ್ತದೆ. ಬ್ಯಾಟರಿ ಹಾಕಿಸಿ ಎಂಟೇ ತಿಂಗಳು. ಒಬ್ಬ ಮೇಸ್ತ್ರಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಅಂತಾರೆ, ಇನ್ನೊಬ್ಬರು ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರ್ ಅಂತಾರೆ. ಮುಂದಿನ ತಿಂಗಳು ತಂಗಿ ಮದುವೆ, ದುಡ್ಡು ಬಿಗಿ. ಯಾವುದಕ್ಕೆ ಮೊದಲು ಕೈ ಹಾಕಲಿ?

ತಿಪಟೂರು ತೆಂಗು
ಅಣ್ಣಾ, ನನ್ನ ಕತೆ ಕೇಳಿ, ಆಮೇಲೆ ಜೇಬಿಗೆ ಕೈ ಹಾಕಿ. ನಂದೂ 800, 96ರದ್ದು. ಇದೇ ಟಕ್. ಮೊದಲು ಬ್ಯಾಟರಿ ಅಂದರು, 4,100 ಕೊಟ್ಟೆ. ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಸೆಲ್ಫ್ ಬಿಚ್ಚಿ ಕಾರ್ಬನ್ ಹಾಕಿದರು, 650. ಮತ್ತೆ ಟಕ್. 'ಈ ಸೆಲ್ಫೇ ಹೋಗಿದೆ' ಅಂತ ಹಳೇದು ಇಟ್ಟುಕೊಂಡು ಬೇರೆ ಕೊಟ್ಟರು, ಮೇಲೆ 2,600. ಅದಾದ ಮೇಲೆ ಡೈನಮೋ ಬೇರಿಂಗ್, ರೆಗ್ಯುಲೇಟರ್ ಸೇರಿ 1,850. ಇಷ್ಟೆಲ್ಲ ಆಗಿ, ಕೊಬ್ಬರಿ ಹರಾಜಿನ ದಿನವೇ ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ನಿಂತುಬಿಟ್ಟಿತು. ಎಳೆದು ತಂದಿದ್ದಕ್ಕೆ 1,200. ಒಟ್ಟು 10,400. ಚೀಟಿ ಎಲ್ಲಾ ಇಟ್ಟಿದ್ದೇನೆ.

ಕೊನೆಗೆ ಗೊತ್ತಾಗಿದ್ದು ಹೇಗೆ ಅಂದರೆ, ಒಂದು ಬೆಳಿಗ್ಗೆ ಬಿಡದೆ ಸೆಲ್ಫ್ ಹೊಡೆಯುತ್ತಾ ಚೋಕ್ ಎಳೆಯಲು ಹೋದೆ, ಗುಂಡಿ ಕೈ ಸುಟ್ಟಿತು. ಚೋಕ್ ಕೇಬಲ್ ಯಾಕೆ ಬಿಸಿಯಾಗಬೇಕು? ಇಂಜಿನ್ನಿಂದ ಗಾಡಿಯ ಮೈಗೆ ಬರುವ ಅರ್ಥ್ ಪಟ್ಟಿ ಒಳಗೊಳಗೇ ಹಸಿರು ಹಿಡಿದು ಕೂತಿತ್ತು. ಸೆಲ್ಫ್ ಎಳೆಯುವ ಕರೆಂಟೆಲ್ಲಾ ವಾಪಸ್ ಹೋಗಲು ದಾರಿ ಇಲ್ಲದೆ ಚೋಕ್ ಕೇಬಲ್, ಎಕ್ಸಲರೇಟರ್ ಕೇಬಲ್ ಹಿಡಿದು ಹೋಗುತ್ತಿತ್ತು. ಹೊಸ ಪಟ್ಟಿ 180 ರೂಪಾಯಿ. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬಿಗಿದೆ, ಅಷ್ಟೇ. ನೂರ ಎಂಬತ್ತು ರೂಪಾಯಿ ಸಾರ್! ಇವತ್ತಿಗೂ ಆ ಗ್ಯಾರೇಜ್ ಮುಂದೆ ಹೋದರೆ ಹೊಟ್ಟೆ ಉರಿಯುತ್ತದೆ.

ಪದ್ಮಿನಿ ಯಜಮಾನ, ರಾಬರ್ಟ್‌ಸನ್‌ಪೇಟೆ
ನಾನು 1984ರ ಪದ್ಮಿನಿ ಇವತ್ತಿಗೂ ಓಡಿಸುತ್ತಿದ್ದೇನೆ, ಅದಕ್ಕೇ ಹೇಳುತ್ತೇನೆ: ಮೊದಲು ಪಾಯಿಂಟ್ ನೋಡಿ, ಅಂದರೆ ಸ್ಪಾರ್ಕ್‌ಗಾಗಿ ಕಾಯಿಲ್ ಕರೆಂಟ್ ಕಡಿಯುವ ಸ್ವಿಚ್ಚು. ಪಾಯಿಂಟ್ ಕಪ್ಪಗೆ ಸುಟ್ಟಿದ್ದರೆ, ಅದು ಸುಡದಂತೆ ಕಾಯುವ ಕಂಡೆನ್ಸರ್ ಹೋಗಿದೆ ಅಂತ ಅರ್ಥ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕುರುಡುಮಲೆಗೆ ಹೊರಟಿದ್ದೆವು, ಮನೆಯವರು, ಅತ್ತೆ, ಮೊಮ್ಮಗು ಎಲ್ಲ. ಮುಳಬಾಗಿಲು ಹತ್ತಿರ ಸೈಲೆನ್ಸರ್‌ನಲ್ಲಿ ಡಬ್ ಡಬ್ ಅಂತ ಹೊಡೆದು ನಿಂತಿತು. ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ. ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪು ಎಳೆಯದೆ ನಿಲ್ಲುವುದು ಈ ಗಾಡಿಗೆ ಹೊಸದಲ್ಲ. ಹತ್ತು ನಿಮಿಷ ಬಿಟ್ಟು ಎತ್ತಿತು, ಎರಡು ಕಿಲೋಮೀಟರ್‌ಗೆ ಮತ್ತೆ ಡಬ್. ಅಲ್ಲಿಯ ಮೆಕ್ಯಾನಿಕ್ ಕಾಯಿಲ್ ಬದಲಿಸಿ 950 ತಗೊಂಡ. ಪಂಪ್ ಕಿಟ್ 400. ಕಂಡೆನ್ಸರ್ ಅರವತ್ತೋ ಎಪ್ಪತ್ತೋ. ಅದನ್ನ ಹಾಕಿದ್ದು ಕೊನೆಗೆ, ಸರಿಹೋಗಿದ್ದೂ ಅದರಿಂದಲೇ. ತಣ್ಣಗಿದ್ದಾಗ ಸುಮ್ನಿದ್ದು, ಬಿಸಿಯಾದ ಮೇಲೆ ಕೈ ಕೊಡುವುದು ಅದರ ಗುಣ.

ಈಗ ಪಾಯಿಂಟ್ ಗ್ಯಾಪ್ ಹಿಡಿಯುವವರೇ ಇಲ್ಲ. 0.4 ಮಿಲಿಮೀಟರ್ ಫೀಲರ್ ಗೇಜ್ ಕೊಟ್ಟರೆ ಈಗಿನ ಹುಡುಗರು ಕಿವಿ ಕೆರೆಯುತ್ತಾರೆ. ಅದರ ಮೇಲೆ ಕಾರ್ಬೊರೇಟರ್ ಬದಲು ಕಂಪ್ಯೂಟರ್ ಪೆಟ್ರೋಲ್ ಬಿಡುವ ಈ ಇಂಜೆಕ್ಷನ್ ಗಾಡಿಯವರು, ಒಂದು ಲೈಟ್ ಉರಿದರೆ ಲ್ಯಾಪ್‌ಟಾಪ್ ಹುಡುಕುತ್ತಾರೆ.

ಟೀಚರ್, ಬಾಗೇಪಲ್ಲಿ ರೂಟ್
ಯಜಮಾನರೇ, ಅವರು ಕೇಳಿದ್ದು 800 ಬಗ್ಗೆ, ನೀವು ಹೇಳಿದ್ದು ಪದ್ಮಿನಿ ಬಗ್ಗೆ, ಬೈದಿದ್ದು ನಮ್ಮನ್ನ. ನನ್ನದು 2003ರ ಝೆನ್, ಇಂಜೆಕ್ಷನ್ ಗಾಡಿ. ಚಿಕ್ಕಬಳ್ಳಾಪುರದಿಂದ ದಿನಾ ಸ್ಕೂಲಿಗೆ ಹೋಗಿ ಬರುತ್ತೇನೆ. ಹೋದ ವರ್ಷ ಸ್ಲೋದಲ್ಲಿ ನಿಲ್ಲಿಸಿದರೆ ಇಂಜಿನ್ ತಾನೇ ಏರುತ್ತಿತ್ತು, ಇಳಿಯುತ್ತಿತ್ತು, ಉಸಿರು ಕಟ್ಟಿದವರ ಹಾಗೆ. ಮೊದಲ ಗ್ಯಾರೇಜಿನವನು ಏನಂದ ಗೊತ್ತಾ? 'ಮೇಡಂ, ಹೆಂಗಸರು ರೇಸ್ ಕೊಡದೆ ಕ್ಲಚ್ ಬಿಡ್ತೀರಿ, ಅದಕ್ಕೇ ಆಫ್ ಆಗುತ್ತೆ.' ನಿಂತ ಗಾಡಿಯಲ್ಲಿ ಕ್ಲಚ್ ಎಲ್ಲಿಂದ ಬಂತು?

ಥ್ರಾಟಲ್ ಬಾಡಿ ಕ್ಲೀನಿಂಗ್ 800. ಐಡಲ್ ವಾಲ್ವ್ 3,400. ಒಂದು ಸೆನ್ಸರ್ 1,750. ಏನೂ ಆಗಲಿಲ್ಲ. ಕೊನೆಗೆ ನನ್ನ ತಮ್ಮ ಬಾನೆಟ್ ಎತ್ತಿ, ಕಿವಿ ಕೊಟ್ಟು, 'ಅಕ್ಕಾ, ಎಲ್ಲೋ ಸುಸ್ ಅನ್ನುತ್ತಿದೆ' ಅಂದ. ಇನ್‌ಟೇಕ್ ಹತ್ತಿರದ ಸಣ್ಣ ವ್ಯಾಕ್ಯೂಮ್ ಪೈಪನ್ನ ಇಲಿ ಕಚ್ಚಿತ್ತು. ನಲವತ್ತು ರೂಪಾಯಿ ಪೈಪ್. ಪಕ್ಕದ ಮನೆಯವರು ನಮ್ಮ ಶೆಡ್ಡಿನಲ್ಲಿ ರಾಗಿ ಹುಲ್ಲು ಒಟ್ಟಿದ್ದರು, ಅದರಲ್ಲಿ ಇಲಿ ಸಂಸಾರ. ಬೇಡ ಅಂದಿದ್ದೆ, ಕೇಳಲಿಲ್ಲ, ಈಗಲೂ ನಮಗೂ ಅವರಿಗೂ ಮಾತಿಲ್ಲ.

ಬ್ಯಾಟರಿ ಬಗ್ಗೆ ಒಂದು ಮಾತು. ನಮ್ಮ ಕಡೆ ಬೋರ್ ನೀರು ಹೇಗಿರುತ್ತದೆ ಎಲ್ಲರಿಗೂ ಗೊತ್ತು, ಬಿಂದಿಗೆ ತಳದಲ್ಲೇ ಬಿಳಿ ಕಟ್ಟುತ್ತದೆ. ಆ ನೀರನ್ನ ಒಬ್ಬ ಡ್ರೈವರ್ ಬ್ಯಾಟರಿಗೆ ಹಾಕಿದ್ದ. ವರ್ಷ ತುಂಬುವ ಮೊದಲೇ ಸತ್ತಿತು.

ಪದ್ಮಿನಿ ಯಜಮಾನ, ರಾಬರ್ಟ್‌ಸನ್‌ಪೇಟೆ
ಟೀಚರ್ ಅಮ್ಮಾ, ನಾನು ಹೆಂಗಸರ ಬಗ್ಗೆ ಒಂದು ಮಾತೂ ಆಡಿಲ್ಲ. ಮೂರು ಸಲ ಸೇರಿ ಸುಮಾರು ಆರು ಸಾವಿರ ಕೊಟ್ಟ ಮೇಲೆ ಬಾನೆಟ್ ಎತ್ತಿದಿರಿ ಅಂತ ನೀವೇ ಬರೆದಿದ್ದೀರಿ.

ಟೀಚರ್, ಬಾಗೇಪಲ್ಲಿ ರೂಟ್
5,950. ನೀವು ಕಾಯಿಲ್‌ಗೆ ಕೊಟ್ಟ 950 ಕೂಡ ದಂಡವೇ ಅಲ್ವಾ?

ಮಾವಿನ ಸೀಸನ್, ಶ್ರೀನಿವಾಸಪುರ
ಎಲ್ಲರೂ ವೈರ್, ಪೈಪ್ ಅಂತಿದ್ದೀರಿ, ಪೆಟ್ರೋಲ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ಈಗ ಬಂಕ್‌ನಲ್ಲಿ ಬರುವುದರಲ್ಲಿ ನೂರಕ್ಕೆ 20 ಎಥನಾಲ್. ನಮ್ಮ ಹಳೇ ಗಾಡಿಗಳ ರಬ್ಬರ್ ಇದಕ್ಕೆ ಮಾಡಿದ್ದಲ್ಲ. ನನ್ನ ಓಮ್ನಿ ಮಾವಿನ ಸುಗ್ಗಿಯಲ್ಲಿ ಬಿಟ್ಟರೆ ತೋಟದ ಶೆಡ್ಡಿನಲ್ಲೇ ಇರುತ್ತದೆ. ಈ ಸಲ ಮೇ ತಿಂಗಳಲ್ಲಿ ತೆಗೆದರೆ ಎತ್ತಲೇ ಇಲ್ಲ. ಕಾರ್ಬೊರೇಟರ್ ಬಿಚ್ಚಿದರೆ ಬೌಲ್ ತಳದಲ್ಲಿ ನೀರು, ಬಿಳಿ ಪುಡಿ, ಸ್ಲೋದಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು, ಸ್ಲೋ ಜೆಟ್, ಪೂರ್ತಿ ಮುಚ್ಚಿಕೊಂಡಿದೆ. ಪೈಪ್ ಮುಟ್ಟಿದರೆ ಹಲ್ವಾ. ಪೈಪು, ಕಿಟ್ಟು, ಟ್ಯಾಂಕ್ ತೊಳೆದಿದ್ದು ಸೇರಿ 3,270. ಅವತ್ತು ಮಂಡಿಗೆ ಹಣ್ಣು ಸಾಗಿಸಲು ಬಾಡಿಗೆ ಆಟೋ 900, ಅದು ಬೇರೆ. ಮೈಲೇಜ್ 18 ಇದ್ದದ್ದು 15ಕ್ಕೆ ಬಂತು.

ತಿಪಟೂರು ತೆಂಗು
ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಕಮ್ಮಿ. ನೂರಕ್ಕೆ 20 ಬೆರೆಸಿದರೆ ಲೆಕ್ಕಕ್ಕೆ ಆರೇಳು ಪರ್ಸೆಂಟ್ ಇಳಿಯಬೇಕು. ನೀವು ಹೇಳುತ್ತಿರುವುದು ಹದಿನೇಳು. ಉಳಿದ ಹತ್ತು ಪೈಪ್ ಸೋರಿದ್ದಕ್ಕೆ ಹಾಕಿಕೊಳ್ಳಿ. ಆಮೇಲೆ ವರ್ಷಾನುಗಟ್ಟಲೆ ನಿಲ್ಲಿಸಿದರೆ ಯಾವ ಪೆಟ್ರೋಲ್ ಆದರೂ ಅಂಟು ಹಿಡಿಯುತ್ತದೆ.

ಮಾವಿನ ಸೀಸನ್, ಶ್ರೀನಿವಾಸಪುರ
ಹತ್ತು ಸಾವಿರ ಖರ್ಚು ಮಾಡಿ ಅರ್ಥ್ ವೈರ್ ಹುಡುಕಿದವರು ನಮಗೆ ಲೆಕ್ಕ ಹೇಳಿಕೊಡುತ್ತಾರೆ. ಇರಲಿ ಬಿಡಿ.

ಮಾರಿಬಿಟ್ಟವನು, ಗೌರಿಬಿದನೂರು
ಗುಜರಿಗೆ ಹಾಕಿ ಕೈ ತೊಳೆದುಕೊಳ್ಳಿ ಗುರು. 20 ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್ ಫೀಸು 2025ರ ಆಗಸ್ಟ್‌ನಿಂದ 10,000. ಮೊದಲು 5,000 ಇತ್ತು, ಅದಕ್ಕೂ ಮೊದಲು ಬರೀ 600. ನಾನು ನನ್ನ ಎಸ್ಟೀಮ್ ಕೊಟ್ಟೆ, 22,000 ಬಂತು, ನಿದ್ದೆಯೂ ಬಂತು.

ಪದ್ಮಿನಿ ಯಜಮಾನ, ರಾಬರ್ಟ್‌ಸನ್‌ಪೇಟೆ
ಎಸ್ಟೀಮ್ ಅಂಥ ಗಾಡಿಯನ್ನ 22,000ಕ್ಕೆ ಕೊಟ್ಟವರು ಬೇರೆಯವರಿಗೆ ಬುದ್ಧಿ ಹೇಳಬಾರದು.

ಮಾರಿಬಿಟ್ಟವನು, ಗೌರಿಬಿದನೂರು
ಒದ್ದೆ ಬಟ್ಟೆ ಹಿಡಿದುಕೊಂಡು ಮುಳಬಾಗಿಲು ರೋಡಲ್ಲಿ ನಿಲ್ಲುವುದಕ್ಕಿಂತ ವಾಸಿ.

ಶಿರಾ ಗೇಟ್ ಎಲೆಕ್ಟ್ರಿಷಿಯನ್ (ಈಗ ಅಂಗಡಿ ಇಲ್ಲ)
ಜಗಳ ಆಮೇಲೆ ಆಡಿ. ಆ ಹುಡುಗನಿಗೆ ಯಾರೂ ಅಳೆದು ನೋಡು ಅಂತ ಹೇಳಿಲ್ಲ. ನಾನು 31 ವರ್ಷ ಇದನ್ನೇ ಮಾಡಿದವನು. ಅಳೆಯದೆ ಸಾಮಾನು ಬದಲಿಸಿದ ಗಾಡಿಗಳನ್ನ ರಿಪೇರಿ ಮಾಡಿಯೇ ಮಗಳ ಮದುವೆ ಮಾಡಿದೆ.

ನೋಡಪ್ಪಾ, ಮುನ್ನೂರು ರೂಪಾಯಿ ಮಲ್ಟಿಮೀಟರ್ ತಗೋ. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ಹತ್ತಿರ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಓಡುತ್ತಿರುವಾಗ ಲೈಟ್ ಹಾಕಿ ಸ್ವಲ್ಪ ರೇಸ್ ಕೊಟ್ಟರೆ 13.8ರಿಂದ 14.4 ಬರಬೇಕು. ಬಂದರೆ ಡೈನಮೋ ಮುಟ್ಟಬೇಡ. ಬರದಿದ್ದರೆ ಮೊದಲು ಬೆಲ್ಟ್ ನೋಡು, ಬೆರಳಲ್ಲಿ ಒತ್ತಿದರೆ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಬಗ್ಗಬಾರದು. ಇನ್ನು ಅರ್ಥ್. ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಇಂಜಿನ್ ಮೈ ಮೇಲೆ ಇಟ್ಟು ಯಾರ ಕೈಲಾದರೂ ಸೆಲ್ಫ್ ಹೊಡೆಸು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ.

ಟಕ್ ಅನ್ನುವುದು ಒಂದು ರೋಗ, ಸಿಗ್ನಲ್‌ನಲ್ಲಿ ಆಫ್ ಆಗುವುದು ಇನ್ನೊಂದು ರೋಗ ಇರಬಹುದು. ಒಂದೇ ಮಾತ್ರೆಗೆ ಎರಡೂ ಹೋಗಬೇಕು ಅಂತ ಹಟ ಹಿಡಿಯಬೇಡ.

ತಿಪಟೂರು ತೆಂಗು
ಅದೇ ಅಲ್ವಾ ನಾನು ಹೇಳಿದ್ದು.

ಶಿರಾ ಗೇಟ್ ಎಲೆಕ್ಟ್ರಿಷಿಯನ್ (ಈಗ ಅಂಗಡಿ ಇಲ್ಲ)
ನೀವು ಹೇಳಿದ್ದು ಚೋಕ್ ಸುಟ್ಟ ಕತೆ.

ಬಟವಾಡಿಯವನು, ತುಮಕೂರು
ಭಾನುವಾರ ಅಳೆದೆ. ಬೆಳಿಗ್ಗೆ 12.5. ಮೀಟರ್ ಕಡ್ಡಿ ಮೈನಸ್ ಮೇಲೊಂದು, ಇಂಜಿನ್ ಮೇಲೊಂದು ಇಟ್ಟು ತಂಗಿ ಕೈಲಿ ಸೆಲ್ಫ್ ಹೊಡೆಸಿದರೆ 1.4 ತೋರಿಸಿತು. ಅರ್ಥ್ ಪಟ್ಟಿ ಬಿಚ್ಚಿ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಬಿಗಿದೆ, 0.2ಕ್ಕೆ ಬಂತು. ಮೂರು ದಿನದಿಂದ ಮೊದಲ ಹೊಡೆತಕ್ಕೇ ಎತ್ತುತ್ತಿದೆ. ಲೈಟ್ ಹಾಕಿ ರೇಸ್ ಕೊಟ್ಟರೆ 13.9, ಡೈನಮೋ ಸರಿ ಇದೆ. ಸಿಗ್ನಲ್‌ನಲ್ಲಿ ಆಫ್ ಆಗುವುದು ಮಾತ್ರ ಹಾಗೇ ಇದೆ. ನಿನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರುವಾಗ ಎರಡು ಸಲ ಆಯಿತು.

ಮಾವಿನ ಸೀಸನ್, ಶ್ರೀನಿವಾಸಪುರ
ಸ್ಲೋ ಜೆಟ್. ಎಥನಾಲ್. ಹೇಳಿದ್ದೆ.

ಟೀಚರ್, ಬಾಗೇಪಲ್ಲಿ ರೂಟ್
ಮೊದಲು ಪೈಪ್‌ಗಳಿಗೆ ಕಿವಿ ಕೊಡಿ.

ಪದ್ಮಿನಿ ಯಜಮಾನ, ರಾಬರ್ಟ್‌ಸನ್‌ಪೇಟೆ
ಕಂಡೆನ್ಸರ್.

ಶಿರಾ ಗೇಟ್ ಎಲೆಕ್ಟ್ರಿಷಿಯನ್ (ಈಗ ಅಂಗಡಿ ಇಲ್ಲ)
ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸ್ಲೋ ಸ್ಕ್ರೂ ಸ್ವಲ್ಪವೇ ಏರಿಸಿ ನೋಡು, ದುಡ್ಡು ಬೇಡ. ಆಗಲೂ ನಿಲ್ಲದಿದ್ದರೆ ಜೆಟ್ ಕ್ಲೀನ್ ಮಾಡಿಸು.

ಬಟವಾಡಿಯವನು, ತುಮಕೂರು
ಸರಿ ಸಾರ್, ಸಂಜೆ ನೋಡುತ್ತೇನೆ. ಮದುವೆ ದಿನ ಛತ್ರದ ಮುಂದಿನ ಇಳಿಜಾರಿನಲ್ಲೇ ನಿಲ್ಲಿಸುತ್ತೇನೆ, ಯಾವುದಕ್ಕೂ ಇರಲಿ.

ಮಾವಿನ ಸೀಸನ್, ಶ್ರೀನಿವಾಸಪುರ
ತಿಪಟೂರಿನವರೇ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಗಾಡಿಯಿಂದ ಬಿಚ್ಚಿದ ಹಳೇ ಸೆಲ್ಫ್ ಕೆಟ್ಟಿರಲಿಲ್ಲ ಅಂದಮೇಲೆ ಅದು ಈಗ ಎಲ್ಲಿದೆ? ನನಗೆ ಒಂದು ಬೇಕಿತ್ತು.

ತಿಪಟೂರು ತೆಂಗು
ಅಂಗಡಿಯವನೇ ಇಟ್ಟುಕೊಂಡ ಅಂತ ಬರೆದಿದ್ದೆನಲ್ಲ ಸಾರ್. ಯಾಕೆ ಮತ್ತೆ ನೆನಪಿಸುತ್ತೀರಿ.