ಕಿಲಿಮಂಜಾರೋ: ಹೊರೆ ಹೊರುವವರಿಗೆ ಅನ್ಯಾಯವಾಗದ ಹಾಗೆ ಚಾರಣ ಗೊತ್ತುಮಾಡುವುದು ಹೇಗೆ?

ಬಸವನಗುಡಿ_ಚಾರಣಿ ಕೇಳಿದ್ದು:

ಫೆಬ್ರವರಿಗೆ ನಾಲ್ಕು ಜನ ಟಾಂಜಾನಿಯಾದ ಕಿಲಿಮಂಜಾರೋ ಹತ್ತುವ ಯೋಚನೆ. ಎರಡು ಕೊಟೇಶನ್ ಕೈಯಲ್ಲಿವೆ. ಒಂದು ಬೆಂಗಳೂರಿನ ಏಜೆಂಟ್ ಮೂಲಕ: ಮಚಾಮೆ ದಾರಿ, 6 ದಿನ, ತಲೆಗೆ 1,350 ಡಾಲರ್. ಇನ್ನೊಂದು ಬೆಟ್ಟದ ಬುಡದ ಮೋಶಿ ಊರಿನ ಕಂಪನಿಯಿಂದ ನೇರವಾಗಿ: ಲೆಮೋಶೋ ದಾರಿ, 8 ದಿನ, 2,250 ಡಾಲರ್. ‘ನಮ್ಮ ಪೋರ್ಟರ್‌ಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ’ ಎಂಬ ಸಾಲು ಎರಡರಲ್ಲೂ ಇದೆ.

900 ಡಾಲರ್ ವ್ಯತ್ಯಾಸ ಎಲ್ಲಿಗೆ ಹೋಗುತ್ತೆ? ಪೋರ್ಟರ್‌ಗಳಿಗೆ ಕೂಲಿ, ಊಟ, ಡೇರೆ ಸರಿಯಾಗಿ ಸಿಗುತ್ತೆ ಅಂತ ದುಡ್ಡು ಕಟ್ಟುವ ಮೊದಲೇ ತಿಳಿಯೋದು ಹೇಗೆ? ಇಬ್ಬರು ಸಸ್ಯಾಹಾರಿಗಳು. ಅಭ್ಯಾಸಕ್ಕೆ ಕುಮಾರಪರ್ವತ ಸಾಕಾ?

ಜಮಾಖರ್ಚು:

ಮೊದಲು ಕಾಗದ, ಪೆನ್ನು ತಗೊಳ್ಳಿ. ಈ ಬೆಲೆಯಲ್ಲಿ ಒಂದು ಭಾಗವನ್ನು ಯಾವ ಕಂಪನಿಯೂ ಇಳಿಸಲಾರದು. ಅದು ಪಾರ್ಕಿಗೆ ಕಟ್ಟುವ ಶುಲ್ಕ. ವಿದೇಶಿ ವಯಸ್ಕರಿಗೆ ದಿನಕ್ಕೆ 70 ಡಾಲರ್ ಸಂರಕ್ಷಣಾ ಶುಲ್ಕ, ರಾತ್ರಿಗೆ 50 ಡಾಲರ್ ಕ್ಯಾಂಪಿಂಗ್ ಶುಲ್ಕ, ಇಡೀ ಚಾರಣಕ್ಕೆ 20 ಡಾಲರ್ ರಕ್ಷಣಾ ಶುಲ್ಕ, ಎಲ್ಲದರ ಮೇಲೆ ಶೇ. 18 ವ್ಯಾಟ್. (ದರ ಪರಿಷ್ಕರಣೆ ಆಗುತ್ತಿರುತ್ತದೆ, ಬುಕ್ ಮಾಡುವ ಮುಂಚೆ ತನಾಪಾದ ದರಪಟ್ಟಿ ನೋಡಿ. ತನಾಪಾ ಅಂದರೆ ಟಾಂಜಾನಿಯಾದ ರಾಷ್ಟ್ರೀಯ ಉದ್ಯಾನಗಳ ಆಡಳಿತ.)

6 ದಿನ, 5 ರಾತ್ರಿ: 420 + 250 + 20 = 690. ವ್ಯಾಟ್ ಸೇರಿ ಸುಮಾರು 814. ಅಂದರೆ 1,350ರಲ್ಲಿ ಕಂಪನಿಗೆ ಉಳಿಯೋದು ತಲೆಗೆ 536, ನಾಲ್ವರಿಂದ 2,144 ಡಾಲರ್.

ನಾಲ್ವರ ತಂಡಕ್ಕೆ ಒಬ್ಬ ಮುಖ್ಯ ಗೈಡ್, ಇಬ್ಬರು ಸಹಾಯಕ ಗೈಡ್, ಒಬ್ಬ ಅಡುಗೆಯವರು, 14ರ ಆಸುಪಾಸು ಪೋರ್ಟರ್‌ಗಳು ಬೇಕು. ಪೋರ್ಟರಿಗೆ ದಿನಕ್ಕೆ 20,000 ಶಿಲ್ಲಿಂಗ್ (ಟಾಂಜಾನಿಯಾದ ಹಣ) ತಳಮಟ್ಟದ ಕೂಲಿ ಅಂತ ಇಟ್ಟುಕೊಳ್ಳಿ, ಅದಕ್ಕಿಂತ ಕಡಿಮೆ ಹೇಳಿದವರ ಜೊತೆ ಮಾತು ಮುಂದುವರಿಸಬೇಡಿ. 14 ಜನ, 6 ದಿನ: 16,80,000 ಶಿಲ್ಲಿಂಗ್. ಡಾಲರಿಗೆ 2,500 ಶಿಲ್ಲಿಂಗ್ ಅಂತ ಹಿಡಿದರೆ 670 ಡಾಲರ್ ಚಿಲ್ಲರೆ. ಮಿಕ್ಕ 1,470ರಲ್ಲಿ ಮೂವರು ಗೈಡ್ ಮತ್ತು ಅಡುಗೆಯವರ ಸಂಬಳ, 22 ಜನರ ಆರು ದಿನದ ಊಟ, ಗ್ಯಾಸ್, ಎರಡು ಕಡೆಗೂ ವಾಹನ, ಹೋಟೆಲ್, ಡೇರೆಗಳ ಸವಕಳಿ, ಮೋಶಿ ಕಂಪನಿಯ ಲಾಭ, ಕೊನೆಗೆ ನಿಮ್ಮ ಏಜೆಂಟರ ಕಮಿಷನ್. ಸಾಲುವುದಿಲ್ಲ. ಸಾಲದೇ ಇದ್ದಾಗ ಕತ್ತರಿ ಬೀಳುವುದು ಪಾರ್ಕ್ ಶುಲ್ಕಕ್ಕಲ್ಲ, ಡೀಸೆಲಿಗಲ್ಲ, ಪೋರ್ಟರ್ ಕೂಲಿಗೆ. ದಿನಕ್ಕೆ ಮೂರು ಹೊತ್ತಿನ ಬದಲು ಒಂದೇ ಊಟ, ಹದಿನಾಲ್ಕು ಜನರ ಹೊರೆ ಹತ್ತು ಜನರ ತಲೆಗೆ, ‘ಕೂಲಿ ಇಲ್ಲ, ಟಿಪ್ಸ್ ಮಾತ್ರ ನಿನ್ನದು’ ಎಂಬ ಒಪ್ಪಂದ: ಇವು ಹುಟ್ಟೋದೇ ಈ ಲೆಕ್ಕದಿಂದ.

ಅದೇ 8 ದಿನದ ಲೆಮೋಶೋಗೆ ಶುಲ್ಕ ಸುಮಾರು 1,097. ಉಳಿಯೋದು ತಲೆಗೆ 1,153. 16 ಪೋರ್ಟರ್‌ಗಳ 8 ದಿನದ ಕೂಲಿ 1,024 ಡಾಲರ್ ಕೊಟ್ಟಮೇಲೂ ನಾಲ್ವರಿಂದ 3,500ಕ್ಕೂ ಹೆಚ್ಚು ಕೈಯಲ್ಲಿರುತ್ತದೆ. ನ್ಯಾಯವಾಗಿ ನಡೆಸಲು ಅಲ್ಲಿ ಜಾಗ ಇದೆ. ಆದರೆ ಜಾಸ್ತಿ ಬೆಲೆ ಕೊಟ್ಟ ಮಾತ್ರಕ್ಕೆ ಪೋರ್ಟರಿಗೆ ತಲುಪಿತು ಅಂತಲೂ ಅಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.

ಕಾಫಿಸೀಮೆ:

ಆ ಪರೀಕ್ಷೆ ಹೇಗೆ ಅಂತ ನಾನು ಹೇಳ್ತೀನಿ.

ಮೋಶಿಯಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಇದೆ, ಎಲ್ಲರೂ ಕೆಪ್ಯಾಪ್ ಅನ್ನುತ್ತಾರೆ. 2003ರಿಂದ ಪೋರ್ಟರ್‌ಗಳ ಕೂಲಿ, ಹೊರೆ, ಊಟ, ಡೇರೆ ಈ ನಾಲ್ಕರ ಮೇಲೇ ಕೆಲಸ ಮಾಡುತ್ತಿದೆ. ಪಾಲುದಾರ ಕಂಪನಿಗಳ ತಂಡದ ಒಳಗಿನಿಂದಲೇ ವರದಿ ಕೊಡುವ ಪೋರ್ಟರ್‌ಗಳನ್ನು ಇಟ್ಟು ಅಳೆಯುತ್ತದೆ, ಅದಕ್ಕೇ ಅದರ ಪಟ್ಟಿಗೆ ಬೆಲೆ. ಕಂಪನಿಯ ವೆಬ್‌ಸೈಟಿನಲ್ಲಿರುವ ಲೋಗೋ ನಂಬಬೇಡಿ. ಕೆಪ್ಯಾಪ್‌ನ ಪಟ್ಟಿಯನ್ನೇ ತೆರೆದು ಹೆಸರು ಅಕ್ಷರಶಃ ಹೊಂದುತ್ತಾ ನೋಡಿ, ಒಂದೇ ತರಹದ ಹೆಸರುಗಳು ಮೋಶಿಯಲ್ಲಿ ಬೇಕಾದಷ್ಟಿವೆ. ಏಜೆಂಟ್ ಮೂಲಕ ಹೋಗುವವರು ಕೇಳಬೇಕಾದ ಮೊದಲ ಪ್ರಶ್ನೆ: ‘ಬೆಟ್ಟದ ಮೇಲೆ ನಮ್ಮನ್ನು ಕರೆದೊಯ್ಯುವ ಟಾಂಜಾನಿಯಾದ ಕಂಪನಿ ಯಾವುದು?’ ಹೆಸರು ಹೇಳದಿದ್ದರೆ ಅಲ್ಲಿಗೇ ಬಿಡಿ.

ಆಮೇಲೆ ಇಮೇಲ್‌ನಲ್ಲಿ, ಫೋನಿನಲ್ಲಿ ಬೇಡ, ಇಷ್ಟನ್ನು ಕೇಳಿ. ಪೋರ್ಟರಿಗೆ ದಿನಗೂಲಿ ಎಷ್ಟು ಶಿಲ್ಲಿಂಗ್, ಟಿಪ್ಸ್ ಬಿಟ್ಟು? ಇಳಿದ ಎಷ್ಟು ದಿನದಲ್ಲಿ ಕೈಗೆ? (ಎರಡು ದಿನದ ಒಳಗೆ ಅನ್ನೋದು ಸರಿಯಾದ ಉತ್ತರ.) ದಿನಕ್ಕೆ ಎಷ್ಟು ಊಟ? ನಮ್ಮ ನಾಲ್ವರಿಗೆ ಎಷ್ಟು ಪೋರ್ಟರ್‌ಗಳು? ಅವರು ಮಲಗೋದು ಎಲ್ಲಿ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಕಡಿಮೆ ಬೆಲೆಯ ತಂಡಗಳಲ್ಲಿ ಪೋರ್ಟರ್‌ಗಳಿಗೆ ಬೇರೆ ಡೇರೆ ಇರುವುದಿಲ್ಲ, ನೀವು ಕೂತು ಊಟ ಮಾಡುವ ಮೆಸ್ ಟೆಂಟೇ ಅವರ ಮಲಗುವ ಜಾಗ. ನೀವು ಊಟ ಮುಗಿಸಿ ಹರಟೆ ಹೊಡೆದು ಏಳುವ ತನಕ ಅವರು ಮಳೆಯಲ್ಲೋ ಹಿಮಗಾಳಿಯಲ್ಲೋ ಹೊರಗೆ ಕಾಯಬೇಕು. ತಳವಿರುವ, ಗಾಳಿಮಳೆ ತಡೆಯುವ ಡೇರೆ, ಎಷ್ಟು ಜನಕ್ಕೆ ಎಷ್ಟು ಅಂತ ಸಂಖ್ಯೆ ಸಮೇತ ಉತ್ತರ ಬರಬೇಕು.

ಹೊರೆಯ ವಿಷಯ. ಪೋರ್ಟರಿಗೆ ಗರಿಷ್ಠ 20 ಕೆ.ಜಿ., ಅದರಲ್ಲಿ ಅವರ ಸ್ವಂತ ಸಾಮಾನು ಸುಮಾರು 5. ಪೋರ್ಟರ್ ಹೊರುವ ನಿಮ್ಮ ಡಫಲ್ ಚೀಲ 15 ಕೆ.ಜಿ. ಮೀರಬಾರದು ಅನ್ನೋದು ಇದೇ ಕಾರಣಕ್ಕೆ. ಗೇಟಿನಲ್ಲಿ ತೂಕ ಹಾಕುತ್ತಾರೆ. ಮೋಸ ಆಗೋದು ಗೇಟ್ ದಾಟಿದ ಮೇಲೆ: ಕೆಲವರನ್ನು ವಾಪಸ್ ಕಳಿಸಿ ಅವರ ಹೊರೆಯನ್ನು ಉಳಿದವರಿಗೆ ಹಂಚುತ್ತಾರೆ. ಅದಕ್ಕೆ ಮೊದಲ ದಿನವೇ ಇಡೀ ತಂಡದ ಹೆಸರು ಮತ್ತು ಕೆಲಸದ ಪಟ್ಟಿ ಇಸಿದುಕೊಳ್ಳಿ. ಎರಡನೇ ರಾತ್ರಿ, ನಾಲ್ಕನೇ ರಾತ್ರಿ ತಲೆ ಎಣಿಸಿ. ಊಟ, ಗ್ಯಾಸ್ ಖರ್ಚಾದಂತೆ ಕೆಲವರು ನಡುವೆ ಇಳಿಯುವುದು ಸಹಜವೂ ಹೌದು. ಆಗ ಯಾರು, ಏಕೆ ಅಂತ ಮುಖ್ಯ ಗೈಡ್ ಮೊದಲೇ ಹೇಳಬೇಕು, ಇಳಿದವರ ಟಿಪ್ಸ್ ನಿಮ್ಮ ಲೆಕ್ಕದಲ್ಲಿ ಉಳಿಯಬೇಕು.

ನಾಲ್ಕು ಸ್ವಾಹಿಲಿ ಮಾತು ಕಲಿತು ಹೋಗಿ. ‘ಉಮೆಕುಲಾ?’ ಅಂದರೆ ನಮ್ಮ ‘ಊಟ ಆಯ್ತಾ?’. ‘ಮ್‌ಜಿಗೋ ವಾಕೋ ಕಿಲೋ ನ್ಗಾಪಿ?’ ಅಂದರೆ ನಿನ್ನ ಹೊರೆ ಎಷ್ಟು ಕೆ.ಜಿ. ಗೈಡ್ ಎದುರಿಗೆ ಕೇಳಿದರೆ ಸತ್ಯ ಬರುವುದಿಲ್ಲ, ದಾರಿಯಲ್ಲಿ ಒಬ್ಬರೇ ಸಿಕ್ಕಾಗ ಕೇಳಿ. ಏನಾದರೂ ತಪ್ಪು ಕಂಡರೆ ಬೆಟ್ಟದ ಮೇಲೆ ಪೋರ್ಟರ್ ಹೆಸರು ಎತ್ತಿ ಜಗಳ ಮಾಡಬೇಡಿ, ಮುಂದಿನ ಸಲ ಅವರಿಗೇ ಕೆಲಸ ತಪ್ಪುತ್ತದೆ. ಇಳಿದಮೇಲೆ ಕೆಪ್ಯಾಪ್‌ಗೆ ಬರೆಯಿರಿ.

ಎತ್ತರದ_ಉಸಿರು:

6 ದಿನದ ಮಚಾಮೆ ಬೇಡ ಅನ್ನಲು ನನ್ನ ಕಾರಣ ಬೇರೆ.

ಮುಳ್ಳಯ್ಯನಗಿರಿಯ ತುದಿ 1,930 ಮೀ., ಕುಮಾರಪರ್ವತ 1,712. ಮಚಾಮೆ ಗೇಟ್ ಇರೋದೇ 1,800ರ ಆಸುಪಾಸಿನಲ್ಲಿ. ನಮ್ಮ ಘಟ್ಟದ ಅಭ್ಯಾಸ ಕಾಲಿಗೆ ಒಳ್ಳೆಯದು, ಅದರಲ್ಲೂ ಇಳಿಯುವ ಮಂಡಿಗೆ. ಎತ್ತರಕ್ಕೆ ದೇಹ ಒಗ್ಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿಲಿಮಂಜಾರೋದ ನೆತ್ತಿಯಾದ ಉಹುರು ತುದಿ 5,895 ಮೀ., ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಎಷ್ಟೇ ಗಟ್ಟಿ ಕಾಲಿದ್ದರೂ ದೇಹ ಕೇಳೋದು ದಿನಗಳನ್ನು.

3,000 ಮೀ. ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀ. ಒಳಗೇ ಏರಬೇಕು ಅನ್ನೋದು ಪರ್ವತ ವೈದ್ಯರ ಸಾಮಾನ್ಯ ನಿಯಮ. ಲೆಮೋಶೋ 8 ದಿನದಲ್ಲಿ ಮಲಗುವ ಕ್ಯಾಂಪುಗಳು ಶಿರಾ 1 (3,500 ಮೀ.), ಶಿರಾ 2 (3,850), ಆಮೇಲೆ 4,600 ಮೀ.ನ ಲಾವಾ ಟವರ್ ಮುಟ್ಟಿ ಬರಾಂಕೋಗೆ (3,960) ಇಳಿದು ಮಲಗೋದು, ಕರಾಂಗಾ (3,995), ತುದಿಯ ಕೆಳಗಿನ ಕೊನೆಯ ಕ್ಯಾಂಪ್ ಬರಾಫು (4,673). ಕೊನೆಯ ಮೆಟ್ಟಿಲು ಇಲ್ಲೂ ಎತ್ತರವೇ, ಆದರೆ ಅಷ್ಟರಲ್ಲಿ ದೇಹ ತಯಾರಾಗಿರುತ್ತದೆ. 6 ದಿನದ ಮಚಾಮೆಯಲ್ಲಿ ಕರಾಂಗಾ ರಾತ್ರಿಯೇ ಇಲ್ಲ. ಬರಾಂಕೋ ಗೋಡೆ ಅನ್ನುವ ಕಡಿದಾದ ಬಂಡೆಯನ್ನು ಹತ್ತಿ, ಅದೇ ದಿನ ಬರಾಫು ತಲುಪಿ, ನಡುರಾತ್ರಿಗೆ ತುದಿಗೆ ಹೊರಡಬೇಕು. ಅಲ್ಲಿಂದ 1,200 ಮೀ. ಏರು, ಆಮೇಲೆ ಕೊನೆಯ ರಾತ್ರಿ ಮಲಗುವ ಮ್ವೆಕಾ ಕ್ಯಾಂಪಿನ ತನಕ 2,800 ಮೀ. ಇಳಿಜಾರು. ದಣಿದು ಕೂತವರನ್ನು ಕತ್ತಲಲ್ಲಿ ಇಳಿಸುವ ಕೆಲಸ ಗೈಡ್ ಮತ್ತು ಪೋರ್ಟರ್‌ಗಳದ್ದು. ನೀವು ಉಳಿಸಿದ ಎರಡು ದಿನದ ಅಪಾಯ ಅವರ ಮೇಲೂ ಬೀಳುತ್ತದೆ.

ಅಸೆಟಜೋಲಮೈಡ್ (ಡೈಮಾಕ್ಸ್) ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆರಡು, ಏರುವ ಹಿಂದಿನ ದಿನದಿಂದ. ವೈದ್ಯರನ್ನು ಕೇಳಿಯೇ ತಗೊಳ್ಳಿ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರ ಬರುವುದು ಮಾಮೂಲು. ಮನೆಯಲ್ಲೇ ಎರಡು ದಿನ ತಗೊಂಡು ನೋಡಿ. ಬರೀ ತಲೆನೋವಿದ್ದರೆ ಮೇಲೆ ಹೋಗದೆ ಕಾಯಬಹುದು. ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ತುದಿಗಾಲು ಕೂಡಿಸಿ ನಡೆಯಲಾಗದಿದ್ದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಇದ್ದರೆ, ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಇಳಿಯಬೇಕು. ಆಕ್ಸಿಜನ್ ಸಿಲಿಂಡರ್ ಇರೋದು ಇಳಿಸಲು, ಹತ್ತಿಸಲು ಅಲ್ಲ.

ವಿಮೆ 6,000 ಮೀ. ತನಕದ ಚಾರಣಕ್ಕೆ ಅನ್ವಯಿಸುತ್ತೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ 12 ಗಂಟೆ ಮೀರಿದ ನಿಲುಗಡೆ ಇದ್ದರೆ ಟಾಂಜಾನಿಯಾ ಹಳದಿ ಜ್ವರದ ಲಸಿಕೆಪತ್ರ ಕೇಳುತ್ತದೆ, ವಾಪಸ್ ಬರುವಾಗ ನಮ್ಮಲ್ಲೂ ಕೇಳಬಹುದು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು.

ಜೋಳದ_ರೊಟ್ಟಿ:

ಊಟದ ಬಗ್ಗೆ ಯಾರೂ ಬರದಿಲ್ಲ ನೋಡ್ರಿ. ಸಸ್ಯಾಹಾರ ಏನೂ ತೊಂದರೆ ಇಲ್ಲ, ಮೊದಲ ತಿಳಿಸಬೇಕು ಅಷ್ಟ. ಆದರ ತೊಗರಿಬ್ಯಾಳಿ, ರಾಜ್ಮಾ ಕೇಳಬ್ಯಾಡ್ರಿ. ಬರಾಫುದಾಗ ನೀರು ಸುಮಾರು 85 ಡಿಗ್ರಿಗೇ ಕುದೀತದ, ಅಂಥ ಗಟ್ಟಿ ಕಾಳು ಬೇಯೂದಿಲ್ಲ. ಕುಕ್ಕರ್, ಹೆಚ್ಚಿನ ಗ್ಯಾಸ್ ಎಲ್ಲಾ ಮತ್ತ ಒಬ್ಬರ ತಲಿ ಮ್ಯಾಲೇ ಹೋಗಬೇಕಲ್ಲ. ಹೆಸರಬ್ಯಾಳಿ, ಆಲೂಗಡ್ಡಿ, ಪಾಸ್ತಾ, ತರಕಾರಿ ಸೂಪ್ ಸಲೀಸು. ಮನಿಯಿಂದ ಅವಲಕ್ಕಿ, ಚಟ್ನಿಪುಡಿ ಒಂದು ಕಿಲೋ ಒಳಗ ಒಯ್ರಿ, ಅದೂ ಆ 15 ಕಿಲೋದಾಗೇ ಲೆಕ್ಕ. ಪೋರ್ಟರ್‌ಗಳು ಉಣ್ಣೂದು ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಮುದ್ದಿ. ಕೈಯಾಗ ಮುರದು ಪಲ್ಯದಾಗ ಅದ್ದಿ ತಿಂತಾರ.

ಇನ್ನೊಂದು, ನೀರು. ಬರಾಫು ಕ್ಯಾಂಪಿನಾಗ ನೀರೇ ಇಲ್ಲ. ಕಡೀ ನೀರು ಸಿಗೂದು ಕರಾಂಗಾ ಕಣಿವ್ಯಾಗ, ಅಲ್ಲಿಂದ ಹೊತ್ತು ತರ್ತಾರ. ಅಲ್ಲಿ ಮುಖ ತೊಳಿಯಾಕ ಬಿಸಿನೀರು ಕೇಳೂದು ಬ್ಯಾಡ, ಒದ್ದಿ ಟಿಶ್ಯೂದಾಗ ಒರಿಸಿಕೊಳ್ರಿ. ಆ ಟಿಶ್ಯೂ ಕಲ್ಲಿನ ಸಂದಿಗೆ ತುರುಕದೆ ಕವರಿನಾಗ ವಾಪಸ್ ತರ್ರಿ. ಒಮ್ಮೆ ಬಳಸಿ ಒಗಿಯೂ ಪ್ಲಾಸ್ಟಿಕ್ ನೀರಿನ ಬಾಟಲಿ ಬೆಟ್ಟದ ಮ್ಯಾಲೆ ನಿಷೇಧ. ಗಟ್ಟಿ ಬಾಟಲಿ ಎರಡು ಇರಲಿ, ತುದಿಯ ರಾತ್ರಿ ಪೈಪಿನಿಂದ ನೀರು ಹೀರೂ ಚೀಲ ಹೆಪ್ಪುಗಟ್ಟತದ. ಬಾಟಲಿ ತಲಿಕೆಳಗ ಮಾಡಿ ಉಣ್ಣಿ ಕಾಲುಚೀಲದಾಗ ಇಟ್ಟರ ಬಾಯಿ ಕಡೆ ಗಡ್ಡೆಗಟ್ಟೂದಿಲ್ಲ.

ಬಸವನಗುಡಿ_ಚಾರಣಿ:

ತುಂಬ ಉಪಯೋಗ ಆಯ್ತು. ಲೆಮೋಶೋ ಕಂಪನಿಯ ಹೆಸರು ಕೆಪ್ಯಾಪ್ ಪಟ್ಟಿಯಲ್ಲಿದೆ, ಐದು ಪ್ರಶ್ನೆ ಕಳಿಸಿದ್ದೇನೆ. ಟಿಪ್ಸ್ ಎಷ್ಟು, ಯಾರ ಕೈಗೆ? ಗೈಡ್ ಹತ್ತಿರ ಒಟ್ಟಿಗೆ ಕೊಟ್ಟರೆ ಸಾಕಾ?

ಕಾಫಿಸೀಮೆ:

ಒಟ್ಟಿಗೆ ಕೊಡಬೇಡಿ. ದಾರಿ ತಪ್ಪೋದು ಹೆಚ್ಚಾಗಿ ಅಲ್ಲೇ.

ಇಡೀ ತಂಡದಿಂದ ದಿನಕ್ಕೆ ಮುಖ್ಯ ಗೈಡ್‌ಗೆ 20 ಡಾಲರ್, ಸಹಾಯಕ ಗೈಡ್‌ಗೆ 15, ಅಡುಗೆಯವರಿಗೆ 12, ಪ್ರತಿ ಪೋರ್ಟರಿಗೆ 8 ಅಂತ ಹಿಡಿಯಿರಿ. 8 ದಿನಕ್ಕೆ 160 + 240 + 96, ಜೊತೆಗೆ 16 ಪೋರ್ಟರ್‌ಗಳಿಗೆ 1,024. ಒಟ್ಟು 1,520, ನಿಮಗೆ ತಲೆಗೆ 380. ಇದನ್ನು ಬಜೆಟ್ಟಿನಲ್ಲಿ ಈಗಲೇ ಬರೆದಿಡಿ. ಟಾಯ್ಲೆಟ್ ಟೆಂಟ್ ಬಾಡಿಗೆಗೆ ತಗೊಂಡರೆ ಅದನ್ನು ಹೊತ್ತು ಶುಚಿ ಮಾಡುವವರಿಗೆ ಉಳಿದವರಿಗಿಂತ ಒಂದಿಷ್ಟು ಹೆಚ್ಚು.

ಶಿಲ್ಲಿಂಗ್‌ನಲ್ಲೇ ಕೊಡಿ. ಸಣ್ಣ ಡಾಲರ್ ನೋಟಿಗೆ ವಿನಿಮಯ ದರ ಕಡಿಮೆ ಸಿಗುತ್ತದೆ, ಹರಿದದ್ದು, ಹಳೆಯದು ಯಾರೂ ತಗೊಳ್ಳುವುದಿಲ್ಲ. ಮೋಶಿಯಲ್ಲೇ ಬದಲಿಸಿ, ಮೊದಲ ದಿನದ ಪಟ್ಟಿ ನೋಡಿ ಒಬ್ಬೊಬ್ಬರ ಹೆಸರಿನ ಲಕೋಟೆ ಮಾಡಿ. ಕೊನೆಯ ಬೆಳಿಗ್ಗೆ ಮ್ವೆಕಾ ಕ್ಯಾಂಪಿನಲ್ಲಿ ಎಲ್ಲರೂ ಸೇರಿದಾಗ ‘ಪೋರ್ಟರಿಗೆ ಇಷ್ಟು, ಅಡುಗೆಯವರಿಗೆ ಇಷ್ಟು’ ಅಂತ ಗಟ್ಟಿಯಾಗಿ ಹೇಳಿ, ಲಕೋಟೆ ಕೈಗೇ ಕೊಡಿ. ಗೇಟಿಗೆ ಇಳಿದ ಮೇಲೆ ಒಬ್ಬೊಬ್ಬರು ಒಂದೊಂದು ವಾಹನ ಹತ್ತಿ ಹೊರಟುಬಿಡುತ್ತಾರೆ.

ಇನ್ನೊಂದು ಮಾತನ್ನು ಮೊದಲ ಸಂಜೆಯೇ ಮುಖ್ಯ ಗೈಡ್‌ಗೆ ಹೇಳಿಬಿಡಿ: ತುದಿ ಮುಟ್ಟಿದರೂ ಮುಟ್ಟದಿದ್ದರೂ ಟಿಪ್ಸ್ ಇಷ್ಟೇ. ಇದನ್ನು ಹೇಳದಿದ್ದರೆ, ತುದಿಗೆ ಸ್ವಲ್ಪ ಮೊದಲು ಸಿಗುವ ಸ್ಟೆಲ್ಲಾ ಪಾಯಿಂಟಿನ ಕೆಳಗೆ ನಿಮ್ಮಲ್ಲೊಬ್ಬರು ತೂರಾಡುತ್ತಿದ್ದಾಗ ‘ಇನ್ನು ಸ್ವಲ್ಪವೇ’ ಅನ್ನಲು ಅವರ ಮೇಲೆ ಒತ್ತಡ ಇರುತ್ತದೆ. ಹೇಳಿದ್ದರೆ ‘ವಾಪಸ್ ಹೋಗೋಣ’ ಅನ್ನಲು ಅವರಿಗೂ ಕಷ್ಟವಿಲ್ಲ.

ಬೂಟು, ಜಾಕೆಟ್ ಬಿಟ್ಟುಬರುವುದಿದ್ದರೆ ಟಿಪ್ಸ್ ಬದಲಿಗೆ ಅಲ್ಲ, ಅದರ ಮೇಲೆ. ಮೋಶಿಯ ಕೆಪ್ಯಾಪ್ ಕಚೇರಿಗೆ ಕೊಟ್ಟರೆ ಬೇಕಾದ ಪೋರ್ಟರ್‌ಗಳಿಗೆ ಪುಕ್ಕಟೆ ಎರವಲು ಕೊಡುತ್ತಾರೆ.