ಅಂಕಿಗಳು ಸರಿಯಾಗಿದ್ದರೂ ರೋಗಿ ಸರಿಯಿಲ್ಲ ಎನಿಸಿದಾಗ ಆರೈಕೆ ತಂತ್ರಜ್ಞರು ಏನು ಮಾಡಬೇಕು?

ಹೊಸಪಾಳಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ರೋಗಿ ಆರೈಕೆ ತಂತ್ರಜ್ಞರ ತರಬೇತಿ ಮುಗಿಸಿರುವ ನಾನು ಸದ್ಯದಲ್ಲೇ ಆಸ್ಪತ್ರೆಯೊಂದರ ವಾರ್ಡ್‌ನಲ್ಲಿ ಕೆಲಸಕ್ಕೆ ಸೇರಲಿದ್ದೇನೆ. ಜ್ವರ, ನಾಡಿ, ಉಸಿರಾಟ, ಬಿಪಿ ನೋಡುವುದು, ರಕ್ತದ ಸಕ್ಕರೆ ಪರೀಕ್ಷಿಸುವುದು, ಇಸಿಜಿ ತೆಗೆಯುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಇವೆಲ್ಲ ಕೈಗೆ ಅಭ್ಯಾಸವಾಗಿವೆ. ಆದರೆ ತರಬೇತಿಯ ಉದ್ದಕ್ಕೂ ಎರಡು ಮಾತುಗಳನ್ನು ಕೇಳುತ್ತಲೇ ಬಂದೆ: ರೋಗಿಗೆ ಏನಾಗಿದೆ ಎಂದು ನಿರ್ಣಯಿಸುವುದು ನಿಮ್ಮ ಕೆಲಸವಲ್ಲ ಎಂಬುದು ಒಂದು, ರೋಗಿಯಲ್ಲಾಗುವ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಕಾಣಬೇಕಾದವರು ನೀವೇ ಎಂಬುದು ಇನ್ನೊಂದು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದೇ ನನಗೆ ಸ್ಪಷ್ಟವಾಗಿಲ್ಲ. ಬರೆದುಕೊಂಡ ಅಂಕಿಗಳೆಲ್ಲ ಸರಿಯಾಗಿಯೇ ಇದ್ದು, ರೋಗಿ ಮಾತ್ರ ಬೆಳಿಗ್ಗೆ ಇದ್ದ ಹಾಗೆ ಇಲ್ಲ ಎನಿಸಿದರೆ ಅದನ್ನು ನರ್ಸ್‌ಗೆ ಯಾವ ಮಾತಿನಲ್ಲಿ ಹೇಳಬೇಕು? ಸುಮ್ಮನೆ ಗಾಬರಿಯಾಗುವವರು ಎನ್ನಿಸಿಕೊಳ್ಳುವ ಅಳುಕು ನನ್ನಲ್ಲಿದೆ. ಮನೆಯವರು ವರದಿಯ ಬಗ್ಗೆ ಕೇಳಿದಾಗ ಎಷ್ಟು ಹೇಳಬಹುದು ಎಂಬುದನ್ನೂ ಅನುಭವಸ್ಥರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ವಾರ್ಡ್‌ಗೆಳೆಯ:

ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ನಿಮ್ಮ ಪ್ರಶ್ನೆ ತುಂಬ ಮುಖ್ಯವಾದದ್ದು ಎನಿಸುತ್ತದೆ. ಆ ಎರಡು ಮಾತುಗಳಲ್ಲಿ ವಿರೋಧವಿಲ್ಲ. ರೋಗಿಗೆ ಸೋಂಕು ಏರುತ್ತಿದೆ ಎಂದು ನೀವು ಹೇಳಿದರೆ ಅದು ನಿರ್ಣಯವಾಗುತ್ತದೆ. ಮಧ್ಯಾಹ್ನದವರೆಗೆ ತಾವೇ ಎದ್ದು ಕೂರುತ್ತಿದ್ದವರು ಈಗ ದಿಂಬಿನಿಂದ ತಲೆ ಎತ್ತುತ್ತಿಲ್ಲ ಎಂದು ಹೇಳಿದರೆ ಅದು ಕಂಡ ಸಂಗತಿ. ಎರಡನೆಯದನ್ನು ಹೇಳಲು ನೀವು ಯಾರ ಅನುಮತಿಗೂ ಕಾಯಬೇಕಿಲ್ಲ.

ಅದಕ್ಕೂ ಮೊದಲು, ಸರಿಯಾಗಿವೆ ಎಂದು ನೀವು ಹೇಳುವ ಅಂಕಿಗಳು ನಿಜಕ್ಕೂ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಉಸಿರಾಟವನ್ನೇ ತೆಗೆದುಕೊಳ್ಳಿ. ರೋಗಿಯ ಸ್ಥಿತಿ ಕೆಡುತ್ತಿರುವ ಸುಳಿವು ಎಷ್ಟೋ ಸಲ ಮೊದಲು ಕಾಣಿಸುವುದು ಅಲ್ಲಿಯೇ, ಆದರೂ ಕಣ್ಣಂದಾಜಿನಲ್ಲಿ ಬರೆದುಬಿಡುವುದೂ ಅದನ್ನೇ. ಎಣಿಸುತ್ತಿದ್ದೀರಿ ಎಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಆದ್ದರಿಂದ ನಾಡಿ ನೋಡಿದ ಮೇಲೂ ಮಣಿಕಟ್ಟಿನಿಂದ ಬೆರಳು ತೆಗೆಯಬೇಡಿ. ನಾಡಿಯನ್ನೇ ನೋಡುತ್ತಿರುವಂತೆ ನಿಂತು, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಏದುಸಿರೋ, ಕತ್ತಿನ ಸ್ನಾಯುಗಳು ಬಿಗಿಯುತ್ತಿವೆಯೋ, ಒಂದು ವಾಕ್ಯ ಮುಗಿಸಲು ನಡುವೆ ನಿಲ್ಲುತ್ತಿದ್ದಾರೋ ಎಂಬುದೆಲ್ಲ ಆ ಒಂದು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತದೆ.

ಬಿಪಿಯಲ್ಲಿಯೂ ಹಾಗೆಯೇ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ ಹೆಚ್ಚೇ ಬರುತ್ತದೆ. ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಎರಡು ರಕ್ತನಾಳಗಳನ್ನು ಶಸ್ತ್ರಚಿಕಿತ್ಸೆಯಿಂದ ಸೇರಿಸಿದ ಜೋಡಣೆ) ಮಾಡಿರುವ ಕೈಗೆ ಪಟ್ಟಿ ಕಟ್ಟಲೇಬಾರದು. ಆಕ್ಸಿಮೀಟರ್ ಕಡಿಮೆ ತೋರಿಸಿದಾಗ ಬೆರಳು ತಣ್ಣಗಿದೆಯೇ, ಉಗುರಿಗೆ ಬಣ್ಣವಿದೆಯೇ ಎಂದು ನೋಡಬೇಕು, ಆದರೆ ಆ ನೆಪದಲ್ಲಿ ಕಡಿಮೆ ಬಂದ ಅಂಕಿಯನ್ನು ತಳ್ಳಿಹಾಕಬಾರದು. ಬೆರಳು ಬದಲಿಸಿ ಮತ್ತೆ ನೋಡಿ, ಆಗಲೂ ಕಡಿಮೆಯೇ ಇದ್ದರೆ ಕೂಡಲೇ ತಿಳಿಸಿ.

ಯಂತ್ರ ಹೇಳದ ಎಷ್ಟೋ ವಿಷಯಗಳನ್ನು ಮೈ ಒರೆಸುವ ಹೊತ್ತು ಹೇಳುತ್ತದೆ, ಅದನ್ನು ಕೆಳದರ್ಜೆಯ ಕೆಲಸವೆಂದು ಕಾಣುವವರ ಮಾತು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮಗ್ಗುಲು ತಿರುಗಿಸಿದಾಗ ಬೆನ್ನಿನ ಬುಡ, ಪೃಷ್ಠದ ಮೂಳೆ, ಹಿಮ್ಮಡಿ ಇವುಗಳನ್ನು ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗುತ್ತಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು. ಅಲ್ಲಿ ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿದೆಯೋ, ಗಟ್ಟಿಯಾಗಿದೆಯೋ ಎಂದು ಮುಟ್ಟಿ ತಿಳಿಯಬೇಕು. ಇಂಥದ್ದು ಯಾವ ಮಾನಿಟರ್‌ನಲ್ಲಿಯೂ ಬರುವುದಿಲ್ಲ.

ಶುಶ್ರೂಷೆ:

ನಾನು ನರ್ಸ್. ಹೇಳುವುದು ಹೇಗೆ ಎಂಬ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

"ಸಿಸ್ಟರ್, ಅವರು ಯಾಕೋ ಸರಿಯಿಲ್ಲ" ಎಂದಷ್ಟೇ ಹೇಳಿದರೂ ನಾನು ಬಂದು ನೋಡುತ್ತೇನೆ, ಬರಬೇಕಾದದ್ದು ನನ್ನ ಕರ್ತವ್ಯ. ಆದರೆ ನನ್ನ ಕೈಯಲ್ಲಿ ಹಲವು ರೋಗಿಗಳಿರುವಾಗ ಯಾರ ಹಾಸಿಗೆಗೆ ಮೊದಲು ಓಡಬೇಕೆಂದು ತೀರ್ಮಾನಿಸಲು ನಿಮ್ಮ ಮಾತಿನಲ್ಲಿ ಮೂರು ಸಂಗತಿಗಳಿದ್ದರೆ ದೊಡ್ಡ ಉಪಕಾರವಾಗುತ್ತದೆ: ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿನಿಂದ. ಉದಾಹರಣೆಗೆ, "ಕಿಟಕಿ ಪಕ್ಕದ ಹಾಸಿಗೆಯವರು ಬೆಳಿಗ್ಗೆ ತಾವೇ ತಿಂದರು, ಈಗ ಚಮಚ ಹಿಡಿಯುತ್ತಿಲ್ಲ, ಎರಡು ಸಲ ಕೇಳಿದರೆ ಒಂದು ಸಲ ಉತ್ತರಿಸುತ್ತಾರೆ. ಉಸಿರು ಬೆಳಿಗ್ಗೆ 14 ಇತ್ತು, ಈಗ 20 ಇದೆ. ಅರ್ಧ ಗಂಟೆಯಿಂದ ಹೀಗಿದ್ದಾರೆ" ಎಂದರೆ ನಾನು ಕೈಯಲ್ಲಿರುವ ಕೆಲಸ ಬಿಟ್ಟು ಬರುತ್ತೇನೆ.

ಆ 20ನ್ನು ಗಮನಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಇರುವುದು ಸಾಮಾನ್ಯ. ಹಾಗಾಗಿ ಚಾರ್ಟ್‌ನಲ್ಲಿ ಅದು ಸರಿಯಾದ ಅಂಕಿಯಾಗಿಯೇ ಕಾಣುತ್ತದೆ. ಸದಾ ಬಿಪಿ ಹೆಚ್ಚಿರುವ ವ್ಯಕ್ತಿಯಲ್ಲಿ ಮೇಲಿನ ಅಂಕಿ ದಿಢೀರನೆ 105ಕ್ಕೆ ಇಳಿದರೂ ಹಾಗೆಯೇ ಕಾಣುತ್ತದೆ. ಅಂಕಿ ಮಿತಿಯೊಳಗಿದೆಯೇ ಎಂದು ನೋಡಿದರೆ ಸಾಲದು, ಆ ರೋಗಿಯ ಹಿಂದಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ನಿಮಗೆ ಸುಮ್ಮನೆ ಅನಿಸಿದ್ದು ಎನ್ನುತ್ತೀರಲ್ಲ, ಅದಕ್ಕೆ ಆಧಾರ ಅನೇಕ ವೇಳೆ ಅಲ್ಲಿಯೇ ಸಿಗುತ್ತದೆ. ಸಿಗದಿದ್ದರೂ ಹೇಳಿ. ಹತ್ತು ಸಲ ಬಂದು ನೋಡಿ ಏನೂ ಇಲ್ಲವೆಂದು ಮರಳಿದರೂ ನನಗೆ ಬೇಸರವಿಲ್ಲ.

ಕೆಲವು ಸಂದರ್ಭಗಳಲ್ಲಿ ಈ ವಿವರಣೆಗೂ ಸಮಯವಿರುವುದಿಲ್ಲ. ಎದೆನೋವು, ಉಸಿರುಕಟ್ಟುವುದು, ಬಾಯಿ ಒಂದು ಕಡೆಗೆ ವಾಲುವುದು, ಮಾತು ತೊದಲುವುದು, ಕರೆದರೆ ಎಚ್ಚರಗೊಳ್ಳದಿರುವುದು ಇವುಗಳಲ್ಲಿ ಯಾವುದು ಕಂಡರೂ ರೋಗಿಯನ್ನು ಬಿಟ್ಟು ನಮ್ಮನ್ನು ಹುಡುಕಿಕೊಂಡು ಬರಬೇಡಿ; ಅಲ್ಲಿಯೇ ನಿಂತು ಕರೆಗಂಟೆ ಒತ್ತಿ, ಕೂಗಿ ಕರೆಯಿರಿ. ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಎಲ್ಲರ ಸಕ್ಕರೆ ನೋಡಿ ಮುಗಿಸಿದ ಮೇಲೆ ಒಟ್ಟಿಗೆ ಹೇಳೋಣ ಎಂದುಕೊಳ್ಳಬಾರದು, ಆ ಕ್ಷಣವೇ ಹೇಳಬೇಕು.

ಇನ್ನು ಮನೆಯವರ ಪ್ರಶ್ನೆ. ಪರೀಕ್ಷೆಯ ಫಲಿತಾಂಶ, ರೋಗದ ಹೆಸರು, ಮುಂದೇನಾಗಬಹುದು ಎಂಬ ಊಹೆ ಇವು ಮೂರೂ ನಿಮ್ಮ ಬಾಯಿಂದ ಬರಬಾರದು. "ಏನೂ ಆಗುವುದಿಲ್ಲ, ಧೈರ್ಯವಾಗಿರಿ" ಎಂಬ ಒಳ್ಳೆಯ ಮನಸ್ಸಿನ ಮಾತೂ ಬೇಡ. ಆದರೆ "ನನಗೆ ಗೊತ್ತಿಲ್ಲ" ಎಂದು ಮುಖ ತಿರುಗಿಸಿ ಹೋಗುವುದು ಇನ್ನೂ ಕೆಟ್ಟದ್ದು. "ಇದನ್ನು ವೈದ್ಯರೇ ವಿವರಿಸಬೇಕು, ನೀವು ಕೇಳಿದಿರೆಂದು ಈಗಲೇ ನರ್ಸ್‌ಗೆ ತಿಳಿಸುತ್ತೇನೆ" ಎಂದು ಹೇಳಿ, ಹೇಳಿದಂತೆ ತಿಳಿಸಿ.

ಹೊಸಪಾಳಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ನಾನು ಹೇಳಿದ ಮೇಲೂ ನರ್ಸ್ ಬೇರೆ ತುರ್ತಿನಲ್ಲಿದ್ದು ಬರಲಾಗದಿದ್ದರೆ ಏನು ಮಾಡಬೇಕು? ಒಮ್ಮೆ ತಿಳಿಸಿದರೆ ನನ್ನ ಹೊಣೆ ತೀರಿತೇ?

ವಾರ್ಡ್‌ಗೆಳೆಯ:

ತೀರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ನೋಡಿ, ಹೊಸ ಅಂಕಿಯೊಂದಿಗೆ ಮತ್ತೆ ಹೇಳಿ. ಆಗಲೂ ಅವರಿಗೆ ಬಿಡುವಾಗದಿದ್ದರೆ, ಅಥವಾ ರೋಗಿ ನಿಮ್ಮ ಕಣ್ಣೆದುರೇ ಕುಸಿಯುತ್ತಿದ್ದರೆ, ಪಾಳಿಯ ಮುಖ್ಯ ನರ್ಸ್‌ಗೆ ನೇರವಾಗಿ ತಿಳಿಸಿ. ಇದು ಯಾರ ಮೇಲಿನ ದೂರೂ ಅಲ್ಲ. ಮೊದಲು ಹೇಳಿದ ನರ್ಸ್‌ಗೂ "ಇವರಿಗೆ ತಿಳಿಸಿದ್ದೇನೆ" ಎಂದು ಹೇಳಿಬಿಟ್ಟರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಏನು ಕಂಡಿರಿ, ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದಿರಿ ಎಂಬುದು ನಿಮ್ಮ ಆಸ್ಪತ್ರೆಯ ಪದ್ಧತಿಯಂತೆ ದಾಖಲೆಯಲ್ಲಿರಲಿ. ನೋಡದ ಅಂಕಿಯನ್ನು ಮಾತ್ರ ಎಷ್ಟೇ ಒತ್ತಡವಿದ್ದರೂ ಬರೆಯಬೇಡಿ. ಹಿಂದಿನ ಸಾಲನ್ನೇ ನಕಲು ಮಾಡಿಟ್ಟರೆ, ಮೇಲೆ ಹೇಳಿದ 14ರಿಂದ 20ರ ಏರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಗ ಖಾಲಿ ಬಿಟ್ಟು, ನೋಡಲಾಗಲಿಲ್ಲ ಎಂದು ತಿಳಿಸುವುದೇ ಮೇಲು.

ಬೆನ್ನೆಲುಬು:

ಮಗ್ಗುಲು ಬದಲಿಸುವ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಹೊಸಬರು ಅವಸರದಲ್ಲಿ ಒಬ್ಬರೇ ರೋಗಿಯನ್ನು ಎಳೆಯಲು ಹೋಗುತ್ತಾರೆ. ಅದರಿಂದ ತಮ್ಮ ಬೆನ್ನಿಗೆ ಪೆಟ್ಟಾಗುವುದಲ್ಲದೆ ಹಾಸಿಗೆಗೆ ಉಜ್ಜಿ ರೋಗಿಯ ಚರ್ಮವೂ ಕೀಳುತ್ತದೆ. ಮಂಚವನ್ನು ನಿಮ್ಮ ಸೊಂಟದ ಎತ್ತರಕ್ಕೆ ಏರಿಸಿ, ಇನ್ನೊಬ್ಬರನ್ನು ಕರೆದು, ರೋಗಿಯ ಕೆಳಗಿನ ಬಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು ಒಟ್ಟಿಗೆ ಸರಿಸಿ. ಯೂರಿನ್ ಬ್ಯಾಗ್ ಇದ್ದರೆ ತಿರುಗಿಸುವ ಮೊದಲೇ ಅದರ ಕೊಳವೆ ಎಲ್ಲಿದೆಯೆಂದು ನೋಡಿಕೊಳ್ಳಿ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ಮಂಚವನ್ನು ಮತ್ತೆ ತಗ್ಗಿಸಿ, ಕರೆಗಂಟೆ ರೋಗಿಯ ಕೈಗೆ ಎಟುಕುವಂತಿಟ್ಟು ಹೊರಡಿ. ಒಬ್ಬರೇ ಇಳಿಯಲು ಹೋಗಿ ಬೀಳುವುದನ್ನು ತಪ್ಪಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.